ಮಿಸ್ ವೆಲ್ಡಾ ಗೊಣಗುತ್ತಿದ್ದ ಮೊದಲ ಸಾಲು

ಜುಲೈ ತಿಂಗಳ ನಾಲ್ಕನೇ ಭಾನುವಾರ, ಹನ್ನೊಂದೂವರೆಯ ಬಿಸಿಲು, ಕಿಟಕಿಯಿಂದ ಕರಿದ ಕೋಳಿಯ ವಾಸನೆ, ಅದರ ಹಿಂದೆಯೇ ಯಾರೋ ಕಲ್ಲಂಗಡಿ ಸೀಳಿದ ತಣ್ಣಗಿನ ವಾಸನೆ, ಓಕ್ ಮರದ ಕೆಳಗೆ ಮೇಜಿಗೆ ಬಟ್ಟೆ ಹಾಸುತ್ತಿದ್ದಾರೆ, ಅಲ್ಲಿ ನೊಣ ಓಡಿಸುವ ಕೆಲಸ ಕೊಟ್ಟಿದ್ದರೂ ಸಾಕಿತ್ತು — ನಾನು ನಿಂತಿರುವುದು ಚರ್ಚಿನೊಳಗೆ, ಹಾಡುವವರ ಬೆಂಚುಗಳ ಚೌಕದ ನಡುವೆ. ಎದುರಿಗೆ ಮುಖ್ಯ ರಾಗ ಹಿಡಿಯುವ ಟೆನರಿನವರ ಬೆಂಚು, ಬೆನ್ನಿಗೆ ಆಲ್ಟೊ ಹೆಂಗಸರು, ಒಂದು ಪಕ್ಕಕ್ಕೆ ಕೆಳದನಿಯ ಗಂಡಸರು, ಇನ್ನೊಂದು ಪಕ್ಕಕ್ಕೆ ಮೇಲುದನಿಯವರು, ನಾಲ್ಕು ಕಡೆಯೂ ಮುಖ, ಎಲ್ಲಿ ತಿರುಗಿದರೂ ಯಾರಾದರೊಬ್ಬರ ಕಣ್ಣು, ಈ ಚರ್ಚು ಕಟ್ಟಿದವರು ಹಾಡುವವನಿಗೆ ಜಾಗ ಬಿಟ್ಟರು, ಓಡುವವನಿಗೆ ಬಿಡಲಿಲ್ಲ. ಕೈಯಲ್ಲಿ ಕಾಗದ. ಫ್ಲಾಯ್ ಬರೆದ ಕಾಗದ, ಈ ವರ್ಷ ತೀರಿಕೊಂಡವರ ಹೆಸರು, ಹನ್ನೊಂದು ಸಾಲು, ಎಣಿಸಿದೆ, ಎಣಿಸಲು ಬರುತ್ತದೆ. ಓದಲು ಬರುವುದಿಲ್ಲ. ಎಪ್ಪತ್ತನಾಲ್ಕು ವರ್ಷವಾಯಿತು, ಬರುವುದಿಲ್ಲ. ಅದು ಈ ನಾಲ್ಕು ಗೋಡೆಯೊಳಗೆ ಒಬ್ಬರಿಗೇ ಗೊತ್ತಿತ್ತು, ಆ ಒಬ್ಬರ ಹೆಸರೂ ಈ ಹನ್ನೊಂದರಲ್ಲಿ ಎಲ್ಲೋ ಇದೆ, ಎಲ್ಲಿದೆ ಅಂತಲೂ ನನಗೆ ಕಾಣುತ್ತಿಲ್ಲ.

ಪ್ರತಿ ವರ್ಷ ಓದುವವಳು ಫ್ಲಾಯೇ, ಬರೆಯುವವಳೂ ಅವಳೇ, ಅದನ್ನು ನಂಬಿಕೊಂಡೇ ಬೆಳಿಗ್ಗೆ ಡಿವೇನನಿಗೆ ಹೂಂ ಅಂದೆ. ಡಿವೇನ್ ಈ ವರ್ಷದ ಹಾಡುಕೂಟದ ಯಜಮಾನ, ಕಾಫಿ ಹಂಡೆಯ ಹತ್ತಿರ ನನ್ನ ಮೊಣಕೈ ಹಿಡಿದ, ಮಾವ, ಸತ್ತವರ ನೆನಪಿನ ಪಾಠ ಈ ಸಲ ನಿಮ್ಮದು, ಮಿಸ್ ವೆಲ್ಡಾ ತೀರಿಕೊಂಡ ವರ್ಷ ಬೇರೆ ಯಾರು ನಿಲ್ತಾರೆ ಹೇಳಿ, ನೀವಲ್ವಾ ಅವರ ಕೈಗೂಸು. ಆಯ್ತಪ್ಪ, ಅವರ ಬಗ್ಗೆ ಎರಡು ಮಾತಾಡಿ ಒಂದು ಹಾಡು ಹೇಳಿಸ್ತೀನಿ ಅಂದೆ. ಅಷ್ಟೇ ಅಂದುಕೊಂಡಿದ್ದೆ, ಎದ್ದು ಬರುವಾಗ ಆಲ್ಟೊ ಬೆಂಚಿನಿಂದ ಕೈ ಚಾಚಿದಳಲ್ಲ ಫ್ಲಾಯ್, ನೀವೇ ಓದಿ ಮಾವ, ಅವರ ಹೆಸರು ಬಂದ ತಕ್ಷಣ ನಾನು ಅತ್ತುಬಿಡ್ತೀನಿ, ನೀವು ಅಳಲ್ಲ, ನೀವು ಕಲ್ಲುಗುಂಡು. ಬೇಡ ಅನ್ನುವಷ್ಟರಲ್ಲಿ ಕಾಗದ ಅಂಗೈಯಲ್ಲಿತ್ತು, ಕಾಲು ಚೌಕದೊಳಗಿತ್ತು. ಒಂದು ಹೆಸರು ಬಿಟ್ಟರೂ ಮುಗಿಯಿತು, ಹೋದ ವರ್ಷದ ಹಿಂದಿನ ವರ್ಷ ಒಂದು ಬಿಟ್ಟುಹೋಯಿತು, ಬೇಕಂತಲ್ಲ, ಕಾಗದ ಮಡಚಿದ ಗೆರೆಯಲ್ಲಿತ್ತಂತೆ, ಆ ಮನೆಯವರು ಆಲೂಗಡ್ಡೆ ಸಾಲಡ್ಡಿನ ಬೋಗುಣಿ ಮುಚ್ಚಿದ್ದು ಮುಚ್ಚಿದ ಹಾಗೇ ಎತ್ತಿಕೊಂಡು ಹೊರಟವರು ಇವತ್ತಿಗೂ ಬಂದಿಲ್ಲ. ಹೆಸರು ಕೇಳಲೆಂದೇ ನೂರು ಮೈಲಿಯಿಂದ ಬರುತ್ತಾರೆ ಜನ, ಅದೋ ಆ ಮೂಲೆಯಲ್ಲಿ ಕಪ್ಪು ಬಟ್ಟೆಯ ತಾಯಿ ಮಗಳು, ನಾನು ಎಂದೂ ನೋಡಿಲ್ಲ, ಅವರ ಕಡೆ ಸತ್ತವರ ಹೆಸರು ನನಗೆ ಹೇಗೆ ಗೊತ್ತು. ಈ ಗುಡ್ಡದ ಮೇಲೆ ಸತ್ತವರು ಗೊತ್ತು, ಬೆರಳು ಮಡಚಿದೆ, ಏಳು, ಮತ್ತೆ ಮಡಚಿದೆ, ಏಳೇ. ನಾಲ್ಕು ಕಡಿಮೆ.

ಮೂರೇ ಚಳಿಗಾಲ ಶಾಲೆಗೆ ಹೋದದ್ದು, ಅಕ್ಷರಗಳು ನನ್ನ ಕಣ್ಣಿಗೆ ನಿಲ್ಲುವುದಿಲ್ಲ, ಹಿತ್ತಲಿನ ಕೋಳಿಮರಿಗಳ ಹಾಗೆ, ಒಂದನ್ನು ಹಿಡಿಯುವಷ್ಟರಲ್ಲಿ ಒಂಬತ್ತು ಚೆದರುತ್ತವೆ. ಆದರೆ ಆಕಾರ ನಿಲ್ಲುತ್ತದೆ. ಹತ್ತೊಂಬತ್ತರ ವಯಸ್ಸು, ಹತ್ತಿಯ ಕಳೆ ತೆಗೆದಾಗಿತ್ತು, ಬಿಡಿಸಲು ಇನ್ನೂ ತಿಂಗಳಿತ್ತು, ಆ ಬಿಡುವಿನ ಹತ್ತು ದಿನ ಇಲ್ಲೇ ಹಾಡಿನ ಶಾಲೆ, ಮಿಸ್ ವೆಲ್ಡಾ ಟಿಡ್‌ಮೋರ್ ಬಂದು ಕರಿಹಲಗೆಯ ಮೇಲೆ ನಾಲ್ಕು ಗುರುತು ಬರೆದರು, ಮುಕ್ಕೋನ ಫಾ, ದುಂಡು ಸೋಲ್, ಚೌಕ ಲಾ, ವಜ್ರ ಮಿ, ಮೊದಲು ಸ್ವರ ಹಾಡಿ, ಆಮೇಲೆ ಮಾತು. ಆಗ ಅವರಿಗೆ ಇಪ್ಪತ್ತಾರೋ ಏನೋ, ಕಡ್ಡಿಯಂಥ ಹೆಂಗಸು, ದನಿ ಮಾತ್ರ ಗರಗಸದ ಮಿಲ್ಲಿನ ಸೀಟಿ. ಸ್ವರ ನನಗೆ ಒಂದೇ ಮಧ್ಯಾಹ್ನಕ್ಕೆ ಬಂತು, ಮುಂದಿನ ಬೆಂಚಿಗೆ ಕರೆದರು, ಶ್ರುತಿ ಹಿಡಿಯಲು ಹೇಳಿದರು, ಹಿಡಿದೆ, ಎಲ್ಲರೂ ತಿರುಗಿ ನೋಡಿದರು, ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಮಾತು ಬಂದಾಗ ಬಾಯಿ ಸುಮ್ಮನೆ ಆಡಿಸಿದೆ. ಮೂರನೇ ದಿನ ಎಲ್ಲರೂ ಹೋದ ಮೇಲೆ ಹಲಗೆ ಒರೆಸುತ್ತಾ, ನನ್ನ ಕಡೆ ತಿರುಗದೆ, ಆರ್ಲಿಸ್, ನಾವೆಲ್ಲ ಎರಡನೇ ಚರಣ ಹಾಡ್ತಾ ಇದ್ವಿ, ನಿನ್ನ ತುಟಿ ನಿನ್ನೆಯ ಹಾಡು ಹಾಡ್ತಾ ಇತ್ತು, ಅಂದರು. ನಾನು ಟೋಪಿ ತಗೊಂಡೆ. ಎಲ್ಲಿಗೆ, ಅಂದರು. ಮಿಲ್ಲಿಗೆ ಹೋಗ್ಬೇಕು ಮೇಡಂ. ಭಾನುವಾರ ಮಿಲ್ಲಿಲ್ಲ, ಕೂತ್ಕೋ. ಆಮೇಲೆ, ನಾಳೆಯಿಂದ ನನ್ನ ಮುಂದಿನ ಬೆಂಚಲ್ಲಿ ಕೂರು, ಬಲಗಿವಿ ನನ್ನ ಕಡೆ ಇರಲಿ. ಅಷ್ಟೇ. ಮಾರನೇ ದಿನ ಪುಟದ ಸಂಖ್ಯೆ ಕೂಗಿದರು, ಎಲ್ಲರೂ ಹಾಳೆ ಮಗುಚುವ ಸದ್ದಿನಲ್ಲಿ ನನ್ನ ಬಲಗಿವಿಯ ಹಿಂದೆ ಗೊಣಗು, ಹಾಡಿನ ಮೊದಲ ಸಾಲು, ತನ್ನಷ್ಟಕ್ಕೆ ತಾನು ಹೇಳಿಕೊಂಡ ಹಾಗೆ. ತಲೆ ಸಿಕ್ಕಿದರೆ ಬಾಲ ನನಗೆ ಸಿಗುತ್ತದೆ, ಒಮ್ಮೆ ಕೇಳಿದ ಚರಣ ಮರೆಯುವವನಲ್ಲ ನಾನು. ಐವತ್ತೈದು ವರ್ಷ ಗೊಣಗಿದರು. ಮಿಸ್ ವೆಲ್ಡಾಗೆ ಸ್ವಲ್ಪ ಲೂಸು ಕಣ್ರೋ, ಪುಸ್ತಕದ ಜೊತೆ ಮಾತಾಡ್ತಾಳೆ, ಕೆಳದನಿಯ ಹೋಯ್ಟ್ ಅಣಕಿಸಿ ತೋರಿಸುತ್ತಿದ್ದ, ತುಟಿ ಚೂಪು ಮಾಡಿ, ಎಲ್ಲರೂ ನಗುತ್ತಿದ್ದರು, ದೇವರೇ, ನಾನೂ ನಕ್ಕಿದ್ದೇನೆ. ಅವರೂ ನಗುತ್ತಿದ್ದರು, ನಾಲಿಗೆಗೆ ದಾರಿ ತೋರಿಸ್ತೀನಿ ಹೋಯ್ಟ್, ನಿನ್ನ ನಾಲಿಗೆಗೆ ಹೇಗೂ ದಾರಿ ಇಲ್ಲ. ಆಮೇಲೆ ಅವರ ಶಿಷ್ಯರೆಲ್ಲ ಹಾಗೇ ಕಲಿತರು, ಅವರಿಂದ ಅವರ ಮಕ್ಕಳು, ಈಗ ಟೆನರ್ ಬೆಂಚು ಪೂರ್ತಿ ಹಾಡಿಗೆ ಮುಂಚೆ ಒಂದು ಸಾಲು ಗೊಣಗುತ್ತದೆ, ಇದೇನು ಪದ್ಧತಿ ಅಂತ ಬೆಳಿಗ್ಗೆ ಜಾರ್ಜಿಯಾದಿಂದ ಬಂದವನು ಕೇಳಿದ, ಅದೇ ಹೋಯ್ಟ್ ಹೇಳುತ್ತಿದ್ದ, ನಮ್ಮ ಕಡೆ ಹಾಡೋಕೆ ಮುಂಚೆ ನಾಲಿಗೆಗೆ ಎಣ್ಣೆ ಬಿಡ್ತೀವಪ್ಪ, ನಮ್ಮ ಟೀಚರಮ್ಮ ಕಲಿಸಿದ್ದು.

ಎರಡು ಸಲ ಕರೆದರು, ಅಡಿಗೆಮನೆಗೆ ಬಾ, ಮೇಜಿನ ಮೇಲೆ ಜೋಳದ ಹಿಟ್ಟು ಹರವಿ ಬೆರಳಲ್ಲಿ ಬರೆಸ್ತೀನಿ, ಯಾರಿಗೂ ಗೊತ್ತಾಗಲ್ಲ. ಹೋಗಲಿಲ್ಲ. ಒಂದು ಸಲ ಬಾಗಿಲವರೆಗೆ ಹೋಗಿ ಅವರ ಬೇಲಿ ರಿಪೇರಿ ಮಾಡಿ ಬಂದೆ. ಆಗಲೇ ಹೆಸರಾಗಿತ್ತು ನನಗೆ, ಆರ್ಲಿಸ್ ಶ್ರುತಿ ಹಿಡಿದರೆ ತಪ್ಪಲ್ಲ ಅಂತ ಮೂರು ಜಿಲ್ಲೆಯಲ್ಲಿ ಕರೆಯುತ್ತಿದ್ದರು, ಅಂಥವನು ಹಿಟ್ಟಿನಲ್ಲಿ ಬೆರಳಾಡಿಸುವುದೇ. ಹೆಂಡತಿ ಅರ್ಲೀನಳಿಗೂ ಹೇಳಲಿಲ್ಲ, ಕಣ್ಣುರಿ ಅಂತ ಪತ್ರಗಳನ್ನು ಅವಳ ಕಡೆ ತಳ್ಳಿದೆ, ಮೂವತ್ತೆಂಟು ವರ್ಷ ತಳ್ಳಿದೆ, ಗೊತ್ತಿತ್ತೋ ಏನೋ, ಕೇಳದೆ ಹೋದಳು. ಕೆಲವು ಸಲ ಮಿಸ್ ವೆಲ್ಡಾರ ಮೇಲೆ ಸಿಟ್ಟೂ ಬಂದಿದೆ, ಅಷ್ಟು ಚೆನ್ನಾಗಿ ಮುಚ್ಚದೆ ಇದ್ದಿದ್ದರೆ ಒಂದು ದಿನ ಬಿದ್ದು ಎದ್ದು ಕಲಿಯುತ್ತಿದ್ದೆನೇನೋ, ಈಗ ನೋಡಿ, ಗೋಡೆ ಕಟ್ಟಿದವರು ಹೋದರು, ಒಳಗೆ ನಾನು. ಬೆವರಿಗೆ ಕಾಗದ ಮೆತ್ತಗಾಗುತ್ತಿದೆ, ಶಾಯಿ ಹರಡಿದರೆ ಅದೇ ನೆಪವಾದೀತು, ಇಲ್ಲ, ಫ್ಲಾಯ್ ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ. ಕನ್ನಡಕ ಮರೆತೆ ಅನಿಸುತ್ತೆ, ಅಂದೆ. ಜೇಬಲ್ಲೇ ಇದೆ ಮಾವ, ಅಂದ ಡಿವೇನ್, ಎಲ್ಲರೂ ನಕ್ಕರು, ಒಳ್ಳೆಯ ನಗು, ಪ್ರೀತಿಯ ನಗು, ಅದೇ ಕಷ್ಟ. ಹಾಕಿಕೊಂಡೆ. ಕೋಳಿಮರಿಗಳು ಇನ್ನೂ ದೊಡ್ಡದಾಗಿ ಓಡಿದವು. ಮೊದಲು ಹಾಡು, ಆಮೇಲೆ ಹೆಸರು, ಅಂದೆ, ಪುಟ ಇನ್ನೂರ ಹದಿನೇಳು, ಅಂಕಿ ನನ್ನ ಕೈಬಿಡುವುದಿಲ್ಲ. ಹೆಸರು ಮೊದಲಲ್ವಾ ಮಾವ, ಅಂದ ಡಿವೇನ್, ಆದರೆ ಅಷ್ಟರಲ್ಲಿ ಹಾಳೆ ಮಗುಚಿಯಾಗಿತ್ತು, ಟೆನರ್ ಬೆಂಚು ಅಭ್ಯಾಸದಂತೆ ಬಾಯಿ ತೆರೆಯಿತು, ನಲವತ್ತು ಜನ, ಮುದುಕರು, ಬಸುರಿಯರು, ಹಲ್ಲು ಬಿದ್ದ ಹುಡುಗಿ, ಎಲ್ಲರೂ ಕಣ್ಣು ಪುಸ್ತಕದಲ್ಲಿಟ್ಟು ಮೊದಲ ಸಾಲು ಗೊಣಗಿದರು — ನನಗೆ. ಅವರಿಗೆ ಗೊತ್ತಿಲ್ಲ, ನನಗೆ. ನಾನು ಸತ್ತ ಮೇಲೂ ಗೊಣಗುತ್ತಾರೆ ಇವರು, ಯಾರಿಗಾಗಿ ಅಂತ ತಿಳಿಯದೆ, ಬಲಗಿವಿಯ ಹಿಂದೆ ಮಾತ್ರ ಖಾಲಿ, ಅಲ್ಲಿ ಗಾಳಿ ಬೀಸುತ್ತಿತ್ತು.

ಕೈ ಎತ್ತಿದೆ, ತಾಳಕ್ಕೆ ಎತ್ತುವ ಹಾಗೆ, ಅದು ಮೇಲೆಯೇ ನಿಂತಿತು. ನನಗೆ ಓದೋಕೆ ಬರಲ್ಲ, ಅಂದೆ. ಯಾರದೋ ಬೀಸಣಿಗೆ ನಿಂತಿತು, ಇನ್ನೊಂದು ನಿಂತಿತು. ನೀವು ಗೊಣಗಿದ್ರಲ್ಲ ಈಗ, ಅದು ನನಗೆ ಅಂತ ಮಿಸ್ ವೆಲ್ಡಾ ಶುರು ಮಾಡಿದ್ದು, ಲೂಸು ಅವರಲ್ಲ. ಈ ಕಾಗದ ನನ್ನ ಕೈಲಾಗಲ್ಲ, ನಿಮ್ಮ ನಿಮ್ಮವರನ್ನ ನೀವೇ ಕೂಗಿ. ಹೊರಗೆ ಪಾತ್ರೆಯ ಮುಚ್ಚಳ ಬಿದ್ದ ಸದ್ದು, ಫ್ಲಾಯ್ ಪುಸ್ತಕದಲ್ಲೇ ಮುಖ ಮುಚ್ಚಿಕೊಂಡಿರುವುದು ನೋಡದೆಯೂ ಗೊತ್ತು, ಡಿವೇನ್ ಎದ್ದುಬರಲೋ ಬೇಡವೋ ಅಂತ ಅರ್ಧ ಎದ್ದು ನಿಂತಿದ್ದಾನೆ. ಆಗ ಕೆಳದನಿಯ ಬೆಂಚಿನಿಂದ, ಯಾರೂ ಅಲ್ಲ, ಹೋಯ್ಟ್, ಗಂಟಲು ಸರಿ ಮಾಡಿಕೊಂಡ, ತಮಾಷೆ ಮಾಡುತ್ತಾನೆ ಅಂದುಕೊಂಡೆ, ಮಾಡಲಿ, ಅವನ ಪಾಲು ಅದು. ವರ್ನೀಸ್ ಪ್ರುವೆಟ್, ಅಂದ. ನನ್ನ ಹೆಂಡ್ತಿ. ಅಕ್ಟೋಬರ್ ಒಂಬತ್ತು. ಹೆಬ್ಬೆರಳು ಒಂದು ಸಾಲು ಇಳಿಸಿದೆ. ಆಲ್ಟೊ ಕಡೆಯಿಂದ ಒಂದು ಹೆಸರು, ನನ್ನ ಬೆನ್ನಿಗೆ ತಾಗಿತು, ಇಳಿಸಿದೆ, ಮೇಲುದನಿಯಿಂದ ಎರಡು, ಅಣ್ಣತಮ್ಮ, ಒಂದೇ ವಾರ. ಮೂಲೆಯ ಕಪ್ಪು ಬಟ್ಟೆಯ ತಾಯಿ ಎದ್ದು ನಿಂತು ಕೂಗಲಾರದೆ ನಿಂತಳು, ಮಗಳು ಕೂಗಿದಳು, ಕ್ಲೋವಿಸ್, ಅಪ್ಪ, ಫೆಬ್ರವರಿ, ಇಳಿಸಿದೆ. ಐದು, ಆರು, ಎಂಟು, ಹತ್ತು. ಆಮೇಲೆ ಯಾರೂ ಕೂಗಲಿಲ್ಲ. ಒಂದು ಸಾಲು ಉಳಿದಿದೆ. ಮಿಸ್ ವೆಲ್ಡಾಗೆ ಗಂಡನಿಲ್ಲ, ಮಕ್ಕಳಿಲ್ಲ, ಅಣ್ಣನ ಮನೆಯವರು ಟೆಕ್ಸಾಸಿಗೆ ಹೋಗಿ ನಲವತ್ತು ವರ್ಷ, ಈ ನಾಲ್ಕು ಬೆಂಚಿನಲ್ಲಿ ರಕ್ತದವರು ಒಬ್ಬರೂ ಇಲ್ಲ, ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆ, ಹಾಳೆ ಮಗುಚುವ ಸದ್ದೂ ಇಲ್ಲ, ಗೊಣಗೂ ಇಲ್ಲ, ಕೈ ಇನ್ನೂ ಮೇಲೆಯೇ ಇದೆ, ಭುಜ ಉರಿಯುತ್ತಿದೆ, ಹೆಬ್ಬೆರಳಿನ ಕೆಳಗೆ ಪೆನ್ಸಿಲ್ಲಿನ ಕೊನೆಯ ಸಾಲು, ಅದು ಓಡುತ್ತಿಲ್ಲ, ಮುಂದೆ ಹೇಳಿಕೊಡುವವರಿಲ್ಲ, ಕೈ ಮೇಲೆ, ಹೆಬ್ಬೆರಳ ಕೆಳಗೆ ಸಾಲು, ಕೈ ಮೇಲೆ — ವೆಲ್ಡಾ ಟಿಡ್‌ಮೋರ್, ಅಂದೆ, ನಮ್ಮ ಟೀಚರ್, ಹೋದದ್ದು ಮಾರ್ಚ್ ತಿಂಗಳ ಎರಡನೇ ಮಂಗಳವಾರ.