ಹಗೇವಿನ ಗೋಡೆ

ಹಲಬರ್ಗಾದ ಸುಭದ್ರೆಗೆ ಹನ್ನೆರಡು ವರ್ಷ. ಸಿಟ್ಟು ಮಾತ್ರ ಮುದುಕಿಯದು. ರಜಾಕಾರರ ಹಾವಳಿಯಲ್ಲಿ ಅವಳ ಮನೆಯವರು ಜೋಳವನ್ನೆಲ್ಲ ಅಂಗಳದ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ತುಂಬಿ ಬಾಯಿ ಮುಚ್ಚಿ ಔರಾದಿನ ನೆಂಟರ ಮನೆಗೆ ಓಡಿದ್ದರು. ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಮರಳಿ ಬಂದು ತೆರೆದರೆ ಹಗೇವು ಬರಿದು. ಆ ಚಳಿಗಾಲ ಅವಳ ಪುಟ್ಟ ತಮ್ಮ ಹಸಿದು ಸತ್ತ.

"ಬಾಬುಮಿಯಾ ತನ್ನ ಮನಿ ಕಡಿಂದ ಕನ್ನಾ ಹೊಡದಾನ," ಎಂದ ಊರಲ್ಲೇ ಉಳಿದಿದ್ದ ಕಾಕಾ ಮಡೆಪ್ಪ. ಹಗೇವಿನ ಮೂಡಣಕ್ಕೆ ಬಾಬುಮಿಯಾನ ಮನೆ, ಪಡುವಣಕ್ಕೆ ಮಡೆಪ್ಪನದು. ಇಳಿದು ನೋಡುವ ತಾಳ್ಮೆ ಯಾರಿಗಿತ್ತು? ಊರು ಬಾಬುಮಿಯಾನ ಮನೆ ಸುಟ್ಟಿತು. ಅವನು ಬೀದರಿಗೆ ಓಡಿದ.

ಎರಡು ವರ್ಷದ ಮೇಲೆ ಅವನು ಮರಳಿ ಬಂದು ಸುಟ್ಟ ಗೋಡೆ ಎಬ್ಬಿಸತೊಡಗಿದಾಗ ಸುಭದ್ರೆಯ ಹೊಟ್ಟೆಗೆ ಬೆಂಕಿ ಬಿತ್ತು. ಪಂಚರಿಗೆ ಕನ್ನ ತೋರಿಸಿ ಅವನನ್ನು ಊರು ಬಿಡಿಸಲೇಬೇಕು.

ಆಗ ಊರ ದಿಬ್ಬದಲ್ಲಿ ಹಳೆಯ ಊರಿನ ಕುರುಹು ಅಗೆಯಲು ಬಂದಿದ್ದ ಅಬ್ದುಲ ಅಜೀಜ ಸಾಹೇಬರು ಮಕ್ಕಳಿಗೆ ಮಣ್ಣು ಓದಲು ಕಲಿಸುತ್ತಿದ್ದರು.

"ಒಮ್ಮಿ ಅಗದ ಮಣ್ಣು ಮತ್ತ ಮೊದಲಿನಂಗ ಕೂಡಂಗಿಲ್ಲ ಬೇಟಿ. ಸಾವಿರ ವರ್ಷದ ಹಿಂದ ಮುಚ್ಚಿದ ಕುಣಿ ಆದ್ರೂ ಬಣ್ಣ ಬ್ಯಾರೆ ಇರ್ತದ. ಕರಣಿಲೆ ಮೆಲ್ಲಕ ಕೆರಿ, ನೀರು ಚಿಮಕಿಸು, ಕಾಣ್ತದ."

ಸುಭದ್ರೆ ಅವರು ಮಣ್ಣು ಕೆರೆಯುವ ಚಪ್ಪಟೆ ಕರಣಿ ಕೇಳಿ ತಂದಳು. ಹಗೇವಿನ ಬಾಯಿ ತೆಗೆಸಿ ಒಂದು ದಿನ ಗಾಳಿಯಾಡಲು ಬಿಟ್ಟು, ಪಂಚರನ್ನೂ ಬಾಬುಮಿಯಾನನ್ನೂ ಕರೆಸಿದಳು.

"ಹಾಳ ಹಗೇವಿನಾಗ ಹುಡುಗಿ ಯಾಕ ಇಳೀಬೇಕ್ರಿ?" ಎಂದು ಮಡೆಪ್ಪ ತಡೆದ. ಕಾಕನಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಅಂದುಕೊಂಡು ಅವಳು ಹಗ್ಗ ಹಿಡಿದು ಇಳಿದಳು.

ಮೂಡಣ ಗೋಡೆ ಕೆರೆದಳು. ಗಟ್ಟಿ ಕೆಂಪು ಗರಸು ಮಣ್ಣು, ಎಲ್ಲ ಒಂದೇ ಬಣ್ಣ. ಮತ್ತೆ ಕೆರೆದಳು. ಕನ್ನವಿರಲಿಲ್ಲ. ಸೇಡು ಕೈ ಜಾರಿತೆಂದು ಅಳುವೇ ಬಂತು. ಹಟಕ್ಕೆ ಬಿದ್ದು ಸುತ್ತಲೂ ಕೆರೆಯುತ್ತ ಹೋದರೆ ಪಡುವಣದಲ್ಲಿ ಕರಣಿ ಮೆತ್ತಗೆ ಒಳಗಿಳಿಯಿತು. ನೀರು ಚಿಮುಕಿಸಿದಳು. ಕೆಂಪು ಗರಸಿನ ನಡುವೆ ಆಳು ನುಸುಳುವಷ್ಟು ಅಗಲದ, ಕರಿಮಣ್ಣು ತುಂಬಿ ಮುಚ್ಚಿದ ದುಂಡು ಕನ್ನ ಎದ್ದು ಕಂಡಿತು. ಅದರೊಳಗೆ ಜೋಳದ ಕಾಳು ಸಿಕ್ಕಿಕೊಂಡಿದ್ದವು.

"ಸಿಕ್ತೇನವಾ?" ಮೇಲೆ ಬಂದವಳನ್ನು ಪಂಚರು ಕೇಳಿದರು.

"ಸಿಕ್ತ್ರಿ. ಒಬ್ಬೊಬ್ಬರೇ ಇಳದು ನೋಡ್ರಿ. ಮೊದಲ ಬಾಬುಮಿಯಾ ಚಾಚಾ ಇಳೀಲಿ."

ಬಾಬುಮಿಯಾ ಇಳಿದು ನೋಡಿ ಬಂದ. ಪಡುವಣದ ಮಡೆಪ್ಪನ ಮನೆಯತ್ತ ಬೆರಳು ತೋರಿಸಿದ. ಮಡೆಪ್ಪ ಆಗಲೇ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದ. ಸುಭದ್ರೆ ಓಡಿಹೋಗಿ ಅವನ ಧೋತರ ಹಿಡಿದಳು.

"ತಮ್ಮ ರೊಟ್ಟಿ ರೊಟ್ಟಿ ಅಂತ ಅಳ್ತಿದ್ದ ಕಾಕಾ. ಗ್ವಾಡಿ ಆಚಿ ಕುಂತು ನೀ ನಮ್ಮ ಜ್ವಾಳದ ರೊಟ್ಟಿ ತಿಂತಿದ್ದಿ. ಅವನ ಅಳು ನಿನಗ ಕೇಳಿಸ್ತಿರಲಿಲ್ಲೇನು?"

ಎರಡು ವರ್ಷ ಬಾಬುಮಿಯಾನಿಗೆಂದು ಕೂಡಿಟ್ಟಿದ್ದ ಶಾಪವನ್ನೆಲ್ಲ ಅವಳು ಕಾಕನಿಗೆ ಹಾಕಿದಳು, ಒಂದನ್ನೂ ಉಳಿಸಲಿಲ್ಲ. ಅಳುತ್ತ ನಿಂತ ಅವಳನ್ನು ಸಮಾಧಾನ ಮಾಡಲು ಯಾರೂ ಮುಂದೆ ಬರಲಿಲ್ಲ, ಅದೇ ಸುಳ್ಳಿಗೆ ಮನೆ ಕಳೆದುಕೊಂಡ ಬಾಬುಮಿಯಾ ಕೂಡ.