ಬೆರಳು ತಾಗಬಾರದು

ಚಿತ್ರ ಮೇಜಿನ ಮೇಲೆ ಬಿದ್ದಾಗ ಟಪ್ ಎಂದು ಸದ್ದಾಯಿತು. ಕಾಗದ ಹಾಗೆ ಸದ್ದು ಮಾಡುವುದಿಲ್ಲ. ಹತ್ತಿಯ ಗವಸಿಗೆ ಕೈ ತೂರಿಸುತ್ತಿದ್ದ ದಾಖಲೆ ಭಂಡಾರದವಳು ಅರ್ಧದಲ್ಲೇ ನಿಂತಳು.

"ಗವಸೆಲ್ಲ ಯಾಕೆ ಮೇಡಂ? ಇನ್ನು ಅದರ ಗೊಡವೆಯೇ ಇಲ್ಲ," ಎಂದರು ಮೀಟರ್ ಮಾಮ. ವಿದ್ಯುತ್ ಕಚೇರಿಯಲ್ಲಿದ್ದು, ಮನೆಮನೆಯ ಮೀಟರು ಓದಿ ನಿವೃತ್ತರಾದ ಅವರಿಗೆ ಬೀದಿಯವರು ಇಟ್ಟ ಹೆಸರು ಅದು. "ಇಲ್ಲಿ ನೋಡಿ."

ಪಕ್ಕದಲ್ಲಿದ್ದ ಲೋಟ ಎತ್ತಿ ಚಿತ್ರದ ಮೇಲೆ ನೀರು ಸುರಿದೇಬಿಟ್ಟರು.

ಅವಳು ಚಿತ್ರದತ್ತ ಕೈ ಚಾಚಿದಳು. ಮಾಮ ಹೆಗಲಿನ ಟವೆಲ್ಲಿನಿಂದ ಒರೆಸಿ, ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಒಂದು ಹನಿ ಒಳಗೆ ಹೋಗಿದ್ರೆ ಕೇಳಿ!" ಎಂದು ಬೀಗಿದರು.

ಪ್ಲಾಸ್ಟಿಕ್ಕಿನೊಳಗೆ ಬಸ್ಸಿಗೆ ಕಾಯುತ್ತಿರುವ ಹೆಂಗಸೊಬ್ಬಳ ಬೆನ್ನು. ಇದ್ದಿಲಿನಲ್ಲಿ ಬರೆದ ಚಿತ್ರ. ಹೋದ ಸಲ ಬಂದಾಗ ಆ ಕಪ್ಪಿಗೆ ಮಖಮಲ್ಲಿನ ನವಿರಿತ್ತು. ಉಸಿರು ತಾಗಿದರೂ ಹಾರಿಹೋದೀತೆಂದು ಅವಳು ಮುಖ ಆಚೆ ತಿರುಗಿಸಿಕೊಂಡು ಮಾತಾಡಿದ್ದಳು. ಈಗ ಅದು ಹೊಸದಾಗಿ ಟಾರು ಹಾಕಿದ ರಸ್ತೆಯಂತೆ ಹೊಳೆಯುತ್ತಿತ್ತು. ಬೂದುಬಣ್ಣದ ಮಬ್ಬೆಲ್ಲ ಬಿಸಿ ಅಂಟಿನಲ್ಲಿ ಮುಳುಗಿತ್ತು. ಹೆಂಗಸಿನ ಕತ್ತಿನ ಹತ್ತಿರ ಗಾಳಿಯ ಗುಳ್ಳೆಯೊಂದು ಉಬ್ಬಿ ನಿಂತಿತ್ತು.

"ಎಷ್ಟು... ಎಷ್ಟು ಮಾಡಿದೀರಿ ಸರ್?"

"ಎಷ್ಟು ಅಂದ್ರೆ? ಎಲ್ಲಾ! ಟ್ರಂಕು ಖಾಲಿ. ಬೀದಿಯವರ ಗುರುತಿನ ಚೀಟಿಗೆಲ್ಲ ಪ್ಲಾಸ್ಟಿಕ್ ಹಾಕಿಕೊಡ್ತೀನಂತೆ, ಮನೆಯವಳು ಬರೆದ ಚಿತ್ರಕ್ಕೆ ಹಾಕಲ್ವಾ?" ಅವರು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಲ್ಯಾಮಿನೇಷನ್ ಯಂತ್ರದ ಬೆನ್ನು ತಟ್ಟಿದರು. "ನೀವೇ ತಾನೆ ಹೇಳಿದ್ದು? ತೇವ ತಾಗಬಾರದು, ಹುಳ ತಾಗಬಾರದು, ಬೆರಳಂತೂ ತಾಗಲೇಬಾರದು ಅಂತ. ಯಾವುದೂ ತಾಗಲ್ಲ ಈಗ."

ಹೌದು, ಹೇಳಿದ್ದಳು. ಇದೇ ಮೇಜಿನ ಮುಂದೆ ಕೂತು, ಮಕ್ಕಳಿಗೆ ಹೇಳಿಕೊಟ್ಟ ಹಾಗೆ ಹೇಳಿದ್ದಳು. ಮಾಮ ತಲೆಯಾಡಿಸಿ ಕೇಳಿಸಿಕೊಂಡಾಗ, ಸದ್ಯ, ಮಾತು ಕೇಳುವ ಮನುಷ್ಯ ಎಂದು ಸಮಾಧಾನಪಟ್ಟಿದ್ದಳು.

ಅವಳು ಉಗುರಿನಿಂದ ಪ್ಲಾಸ್ಟಿಕ್ಕಿನ ಮೂಲೆ ಎಬ್ಬಿಸಲು ನೋಡಿದಳು. ತುಸು ಎದ್ದಿತು; ಜೊತೆಗೆ ಕಾಗದದ ಸಿಪ್ಪೆಯೂ ಎದ್ದಿತು. ಕೈ ಬಿಟ್ಟಳು.

"ಹಾಗೆಲ್ಲ ಬಿಡಲ್ಲ ಅದು," ಎಂದು ಮಾಮ ನಕ್ಕರು. "ಗಟ್ಟಿ ಮಾಲು. ಕೂತ್ಕೊಳ್ಳಿ, ಚಹಾ ಮಾಡ್ಕೊಂಡು ಬರ್ತೀನಿ. ಯಾಕೋ ಬಿಳುಚಿಕೊಂಡಿದೀರಿ."

ಭಂಡಾರದ ಕಪಾಟುಗಳ ಮೇಲೆಲ್ಲ ಗಂಡಸರ ಹೆಸರುಗಳು. ಒಂದು ಕಪಾಟು, ಒಂದೇ ಒಂದು, ಹೆಂಗಸರ ಚಿತ್ರ ಮತ್ತು ಕಾಗದಪತ್ರಗಳಿಗೆ ಕೊಡಿ ಎಂದು ಅವಳು ವರ್ಷಗಟ್ಟಲೆ ದುಂಬಾಲು ಬಿದ್ದಿದ್ದಳು. "ಅಡುಗೆಮನೆಯಲ್ಲಿ ಕೂತು ಗೀಚಿದ್ದಕ್ಕೆಲ್ಲ ಜಾಗ ಕೊಟ್ಟರೆ ಕಲಾವಿದರನ್ನ ಎಲ್ಲಿ ಇಡೋಣ?" ಎಂದಿದ್ದ ನಿರ್ದೇಶಕರು ಕೊನೆಗೆ ಅವಳ ಕಾಟ ತಾಳಲಾರದೆ ನಕ್ಷೆಗಳ ಕಪಾಟೊಂದನ್ನು ಖಾಲಿ ಮಾಡಿಸಿದ್ದರು. ಈ ಸೋಮವಾರ ಅದರಲ್ಲಿ ಏನಾದರೂ ಇರಬೇಕು. ಇಲ್ಲದಿದ್ದರೆ ನಕ್ಷೆಗಳು ವಾಪಸು. ಪ್ಲಾಸ್ಟಿಕ್ ಹೊದಿಸಿದ ಯಾವುದನ್ನೂ ಭಂಡಾರ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ನಿಯಮ ಬರೆದವಳೂ ಅವಳೇ.

ಕಿಟಕಿಯ ಬಳಿ ಮಾಮನ ಹೆಂಡತಿ, ಆ ಚಿತ್ರಗಳ ಚಿತ್ರಗಾರ್ತಿ, ಬಟಾಣಿ ಬಿಡಿಸುತ್ತಿದ್ದರು. ಇಷ್ಟು ಹೊತ್ತೂ ಅಲ್ಲೇ ಇದ್ದರು. ಕಾಳುಗಳು ಪಾತ್ರೆಗೆ ಬೀಳುವ ಸದ್ದು ಒಂದು ಸಲವೂ ತಪ್ಪಿರಲಿಲ್ಲ.

"ಅಮ್ಮಾ, ಇದೆಲ್ಲ ಆಗುವಾಗ ನೀವು ಮನೇಲಿರಲಿಲ್ವಾ?"

"ಇದ್ದೆ. ಎಲ್ಲಿಗೆ ಹೋಗ್ಲಿ?"

"ಮತ್ತೆ ತಡೀಲಿಲ್ವಾ?"

"ಒಂದೊಂದೇ ಟ್ರಂಕಿನಿಂದ ಎತ್ತಿಕೊಟ್ಟವಳು ನಾನೇ ಕಣಮ್ಮಾ."

ಅವಳು ಚಿತ್ರಗಾರ್ತಿಯತ್ತ ತಿರುಗಿದಳು. ಮಾಮನ ಕೆಲಸಕ್ಕೆ ತಿಳಿಯದೆ ಮಾಡಿದರು ಎಂಬ ಆಸರೆಯಾದರೂ ಇತ್ತು. "ಇದ್ದಿಲಿಗೆ ಬಿಸಿ ತಾಗಿದರೆ ಏನಾಗುತ್ತೆ ಅಂತ..."

"ಗೊತ್ತಿಲ್ದೆ ಏನು? ಜೀವಮಾನ ಪೂರ್ತಿ ಆ ಮಸಿ ಮೆತ್ತಿಕೊಂಡವಳು ನಾನು." ಚಿತ್ರಗಾರ್ತಿ ಇನ್ನೊಂದು ಸಿಪ್ಪೆ ಸೀಳಿದರು. ಒಳಗಿನಿಂದ ಚಹಾದ ಪಾತ್ರೆಯ ಸದ್ದು, ಜೊತೆಗೆ ಮಾಮನ ಶಿಳ್ಳೆ. ಚಿತ್ರಗಾರ್ತಿ ದನಿ ತಗ್ಗಿಸಿದರು.

"ಮದುವೆಯಾದಾಗಿಂದ ಅವರು ನನ್ನ ಚಿತ್ರ ನೋಡಿರಲಿಲ್ಲ. ಬೈದವರಲ್ಲ, ಬೇಡ ಅಂದವರೂ ಅಲ್ಲ, ಒಳ್ಳೆ ಮನುಷ್ಯನೇ. ನಾನು ನೆಲದ ಮೇಲೆ ಹರಡಿಕೊಂಡು ಕೂತಿದ್ರೆ, ಒಣಗೋಕೆ ಹಾಕಿದ ಬಟ್ಟೆ ದಾಟಿಕೊಂಡು ಹೋಗ್ತಾರಲ್ಲ, ಹಾಗೆ ಹುಷಾರಾಗಿ ದಾಟಿಕೊಂಡು ಹೋಗ್ತಿದ್ರು. ಒಂದಕ್ಕೂ ಕಾಲು ತಾಗಿಸಿಲ್ಲ. ಕಣ್ಣೂ ತಾಗಿಸಿಲ್ಲ."

"ಅಮ್ಮಾ..."

"ಅವತ್ತು ನಾನು ಸ್ನಾನ ಮಾಡಿ ಬರೋ ಹೊತ್ತಿಗೆ ಮೊದಲನೇದು ಯಂತ್ರದ ಒಳಗೆ ಹೋಗಿ ಆಗಿತ್ತು. ಕೂಗಬೇಕು ಅಂತ ಬಾಯಿ ತೆಗೆದೆ. ಗುಳ್ಳೆ ಬಂದಿದೆಯಾ ಅಂತ ನೋಡೋಕೆ ಅದನ್ನ ಬೆಳಕಿಗೆ ಹಿಡಿದಿದ್ರು. ಹಾಗೇ ಹಿಡ್ಕೊಂಡು ನಿಂತುಬಿಟ್ರು. 'ಏನೇ, ಇದು ನಮ್ಮಮ್ಮ ಅಲ್ವಾ? ಅಮ್ಮ ಹೀಗೇ ಅಲ್ವಾ ನಿಲ್ತಿದ್ದಿದ್ದು, ಒಂದು ಕಾಲ ಮೇಲೆ ಭಾರ ಹಾಕಿ?' ಅಂದ್ರು."

ಬಟಾಣಿಯ ಸದ್ದು ನಿಂತಿತ್ತು.

"ನಾನು ಎರಡನೇದು ಎತ್ತಿಕೊಟ್ಟೆ."

ಅವಳಿಗೆ ಸಿಟ್ಟು ಉಕ್ಕಿತು. "ಅಷ್ಟಕ್ಕೆ? ಅಷ್ಟಕ್ಕೋಸ್ಕರ ಎಲ್ಲಾನೂ?"

"ಪ್ರತಿಯೊಂದಕ್ಕೂ ಕೇಳಿದ್ರು. ಇವಳು ಯಾರು, ಇವಳು ಯಾಕೆ ಒಂದೇ ಚಪ್ಪಲಿ ಹಾಕಿದಾಳೆ, 'ನಾನು ಆಸ್ಪತ್ರೇಲಿದ್ದಾಗ ನೀನು ಹೊರಗೆ ಕೂತು ಇದನ್ನಾ ಬರೀತಿದ್ದೆ?' ಅಂತ." ಚಿತ್ರಗಾರ್ತಿ ಅವಳ ಮುಖ ನೋಡಿದರು. "ನನಗೆ ಬೇಜಾರಿಲ್ಲ ಅಂದ್ಕೋಬೇಡ. ಒಂದೊಂದು ಹೊರಗೆ ಬರುವಾಗಲೂ ಆ ಹೊಳಪು ನೋಡೋಕಾಗದೆ ಮುಖ ತಿರುಗಿಸ್ತಿದ್ದೆ. ನಿನ್ನ ಕಪಾಟೂ ನೆನಪಾಯ್ತು. ಆದ್ರೂ ಕೊಟ್ಟೆ."

ಅಷ್ಟರಲ್ಲಿ ಮಾಮ ಚಹಾ ತಂದರು. ಒಂದು ಲೋಟವನ್ನು ಬಸ್ಸಿಗೆ ಕಾಯುವ ಹೆಂಗಸಿನ ಬೆನ್ನಿನ ಮೇಲೇ ಇಡಲು ಹೋಗಿ, ಏನನ್ನಿಸಿತೋ, ಪಕ್ಕದಲ್ಲಿ ಇಟ್ಟರು.

"ಸರ್, ಕವರಿಗೆ ಎಲ್ಲಾ ಸರಿಯಾಗಿ ಹಿಡಿಸಿದ್ವಾ?" ಎಂದು ಕೇಳಿದಳು, ಏನೋ ಕೇಳಬೇಕಲ್ಲ ಎಂದು.

"ಎಲ್ಲಿ ಹಿಡಿಸುತ್ವೆ? ಕೆಲವು ದೊಡ್ಡವು. ಎರಡು ಬೆರಳು ಅಗಲ ಅಂಚು ಕತ್ತರಿಸಿದೆ. ಗಾಬರಿಯಾಗಬೇಡಿ, ಚಿತ್ರಕ್ಕೆ ಏನೂ ಆಗಿಲ್ಲ, ಬರೀ ಅಂಚು."

"ಅಂಚುಗಳು ಎಲ್ಲಿ?"

"ಕಸಕ್ಕೆ ಹಾಕೋಣ ಅಂದ್ರೆ ಇವಳು ಬಿಡ್ಲಿಲ್ಲ."

ಚಿತ್ರಗಾರ್ತಿ ಎದ್ದು ಹೋಗಿ ದಿಂಬಿನ ಚೀಲವೊಂದನ್ನು ತಂದರು. ಅವಳು ಗವಸನ್ನು ಪೂರ್ತಿ ಏರಿಸಿಕೊಂಡು, ತಂದಿದ್ದ ತೆಳು ಕಾಗದವನ್ನು ಮೇಜಿನ ಮೇಲೆ ಹಾಸಿ, ಚೀಲದೊಳಗಿನ ಅಂಚಿನ ಪಟ್ಟಿಗಳನ್ನು ಒಂದೊಂದಾಗಿ ಮಲಗಿಸಿದಳು. ಸದ್ದೇ ಆಗಲಿಲ್ಲ. ಒಂದರಲ್ಲಿ ಯಾರದೋ ಮೊಣಕೈಯ ತುದಿ. ಒಂದರಲ್ಲಿ ಸೆರಗಿನ ಅಂಚು. ಒಂದರಲ್ಲಿ ಇದ್ದಿಲು ಹರಿತವಿದೆಯೇ ಎಂದು ಪರೀಕ್ಷಿಸಿದ ನಾಲ್ಕು ಗೀರು, ಅದರ ಪಕ್ಕ ಮಸಿಯ ಹೆಬ್ಬೆರಳು ಒತ್ತಿ ಎತ್ತಿದ ಗುರುತು, ಗೆರೆಗೆರೆಯಾಗಿ, ಮಖಮಲ್ಲಿನಂತೆ. ಸೋಮವಾರ ಕಪಾಟಿನಲ್ಲಿ ಇವುಗಳ ಕೆಳಗೆ ಹಾಸಲು ಸುರುಳಿಯಲ್ಲಿ ಇನ್ನೆಷ್ಟು ಕಾಗದವಿದೆ ಎಂದು ನೋಡಿದಳು. ಸಾಲುವಷ್ಟಿತ್ತು.

"ಇದರಲ್ಲಿ ಚಿತ್ರವೇ ಇಲ್ವಲ್ಲ ಮೇಡಂ? ಇದನ್ನ ಇಷ್ಟು ಜೋಪಾನ ಮಾಡ್ತೀರಿ." ಮಾಮನ ದನಿಯಲ್ಲಿ ಮೊದಲ ಬಾರಿ ಅಳುಕು ಇಣುಕಿತು. ಹೊಳೆಯುವ ಕಟ್ಟಿನತ್ತ ನೋಡಿದರು, ಅವಳತ್ತ ನೋಡಿದರು. "ನಾನು ಮಾಡಿದ್ದು... ಸರಿಯಾಗಿದೆ ತಾನೆ?"

ಅವಳ ಬಾಯಿ ತೆರೆಯಿತು. ಕಿಟಕಿಯ ಬಳಿ ಚಿತ್ರಗಾರ್ತಿ ಬಟಾಣಿ ಬಿಡಿಸುವ ಕೆಲಸಕ್ಕೆ ಮರಳಿದ್ದರು, ಆದರೆ ಕಾಳು ಬೀಳುತ್ತಿರಲಿಲ್ಲ.

"ನೀರು ತಾಗಲ್ಲ ಸರ್," ಎಂದಳು. "ಆ ಚಿತ್ರಗಳನ್ನೂ ತಗೊಂಡು ಹೋಗ್ತೀನಿ."

ಮಾಮ ಉಸಿರು ಬಿಟ್ಟರು. ಪಟ್ಟಿಗಳ ಮೇಲೆ ಬಾಗಿದರು. ಹೆಬ್ಬೆರಳಿನ ಗುರುತಿನ ಕಡೆಗೆ ಅವರ ಬೆರಳು ಚಾಚಿ ಬಂತು, ಕಾಗದಕ್ಕೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು.

"ತಾಗಬಾರದು ಅಲ್ವಾ?"

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಹಳೆಯ ಮೀಟರೊಂದರ ಅಂಕಿ ಓದುವವರಂತೆ ಅವರು ನೋಡುತ್ತ ನಿಂತರು. ಮೇಜಿನ ಮೇಲೆ ಚಹಾ ಆರುತ್ತಿತ್ತು.