ಐದು ತಿಂಗಳ ಹಿರಿಯ

ದೀಕ್ಷಾಸ್ನಾನವಾಗಿ ಐದು ತಿಂಗಳು ತುಂಬುವಷ್ಟರಲ್ಲಿ ನಮ್ಮ ಪಾಸ್ಟರು ಗಿರಣಿಯ ಸೂಪರ್‌ವೈಸರನನ್ನು ಚರ್ಚ್ ಸಭೆಯ ಹಿರಿಯನನ್ನಾಗಿ ಮಾಡಿಬಿಟ್ಟರು. ಕುಡಿತ ಬಿಟ್ಟ ಕಥೆಯನ್ನು ಎದ್ದುನಿಂತು ಸಾಕ್ಷಿ ಹೇಳುವ ಅವನ ಗಂಟಲು ಅವರಿಗೆ ಹಿಡಿಸಿತ್ತು. ಮೈಕ್ ಕೈಕೊಟ್ಟ ದಿನವೂ ಕೊನೆಯ ಬೆಂಚಿನವರ ನಿದ್ದೆ ಕೆಡುತ್ತಿತ್ತು.

"ಎಂಥ ಸಾಕ್ಷಿ ಅಮ್ಮಾ ಅವರದು! ಇನ್ನು ಕಾಯೋದ್ಯಾಕೆ?" ಎಂದರು ನನ್ನೊಡನೆ.

"ಹಸಿ ಗೋಡೆಗೆ ಮೊಳೆ ಹೊಡೀತಿದ್ದೀರಿ," ಎಂದೆ.

ನಕ್ಕು ಚಹಾ ಕೊಟ್ಟರು. ನನಗೆ ಸಕ್ಕರೆ ಹಾಕಬಾರದೆಂಬುದನ್ನು ಮರೆತಿರಲಿಲ್ಲ. ಅಷ್ಟು ಒಳ್ಳೆಯವರು.

ಪಾಪ, ಅವನಿಗೆ ಗೊತ್ತಿದ್ದ ಹಿರಿತನ ಗಿರಣಿಯದು. ಮೊದಲ ಭಾನುವಾರವೇ ಒಂಬತ್ತಕ್ಕೆ ಸರಿಯಾಗಿ ಚರ್ಚಿನ ಬಾಗಿಲಿಗೆ ಚಿಲಕ ಹಾಕಿದ. ಎರಡನೆಯ ಭಾನುವಾರ ಹೊರಗುಳಿದವಳು ಟೈಲರಕ್ಕ. ಹಾಸಿಗೆ ಹಿಡಿದ ಗಂಡನ ಮೈ ಒರೆಸಿ ಬರುವಾಗ ಹತ್ತು ನಿಮಿಷ ತಡವಾಗಿತ್ತು. ಕುಡಿದು ಬೀದಿಯಲ್ಲಿ ಬಿದ್ದಿರುತ್ತಿದ್ದ ಸೂಪರ್‌ವೈಸರನನ್ನು ಮನೆಗೆ ಕರೆದು, ಉಣ್ಣಲಿಟ್ಟು, ಪ್ರಾರ್ಥನೆ ಕಲಿಸಿದವಳು ಅವಳೇ.

ಅವನು ಕಿಟಕಿಯಿಂದ ಹೇಳಿದ: "ಅಕ್ಕಾ, ರೂಲ್ಸ್ ಅಂದ್ರೆ ರೂಲ್ಸ್."

"ದೇವರೂ ಪಾಳಿ ಲೆಕ್ಕದಲ್ಲಿ ಬರ್ತಾನಾ ತಮ್ಮಾ?" ಎಂದು ಅವಳು ಮೆಟ್ಟಿಲ ಮೇಲೆ ಕುಳಿತಳು.

ಅವನು ವಾಕ್ಯ ಓದಲು ನಿಂತ. ತೀತನಿಗೆ ಬರೆದ ಪತ್ರಿಕೆ, ಬೈಬಲಿನ ಕೊನೆಯ ಕಡೆಗಿರುವ ಮೂರೇ ಅಧ್ಯಾಯದ್ದು. ಪುಟಗಳನ್ನು ಮುಂದಕ್ಕೆ ತಿರುವಿದ, ಹಿಂದಕ್ಕೆ ತಿರುವಿದ. ಪ್ರತಿವಾರ ಹಿಂದಿನ ಬೆಂಚಿನಿಂದ ಸದ್ದಿಲ್ಲದೆ ಕೈಚಾಚಿ ಅವನಿಗೆ ಪುಟ ತೆಗೆದುಕೊಡುತ್ತಿದ್ದ ಟೈಲರಕ್ಕ ಹೊರಗಿದ್ದಳು.

"ಹಾಜರಿ ಪುಸ್ತಕ ತಂದಿರಬೇಕು," ಎಂದಿತು ಒಂದು ಬಾಯಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ದೇವರು ಕ್ಷಮಿಸಲಿ. ಅವನು ಪುಸ್ತಕ ಮುಚ್ಚಿ, ಪಕ್ಕದ ಬಾಗಿಲಿನಿಂದ ಹೊರಟುಹೋದ.

ಮೂರು ಭಾನುವಾರ ಬರಲಿಲ್ಲ. ಮತ್ತೆ ಕುಡಿಯುತ್ತಿದ್ದಾನೆಂದು ಸುದ್ದಿ. "ಹೊಸಬರ ವಿಶ್ವಾಸ ಇಷ್ಟೇ," ಎಂದರು ಪಾಸ್ಟರು, ಅವನನ್ನು ಆರಿಸಿದವರು ಬೇರೆ ಯಾರೋ ಎಂಬಂತೆ.

ಟೈಲರಕ್ಕ ಗಿರಣಿಯ ಗೇಟಿಗೆ ಹೋದಳು. ನಾನೂ ಜೊತೆಗಿದ್ದೆ.

"ಯಾವ ಮುಖ ಹೊತ್ತು ಬರಲಿ ಅಕ್ಕಾ? ಹಿರಿಯ ಅನ್ನಿಸಿಕೊಂಡವನು ನಾನು."

"ಅದು ಅವರು ಅಂದಿದ್ದು. ನನಗೆ ನೀನು ತಮ್ಮ. ನಿಮ್ಮ ಭಾವನ್ನ ಎತ್ತಿ ಕೂರಿಸೋಕೆ ನನ್ನ ಬೆನ್ನು ಕೇಳ್ತಿಲ್ಲ. ಬೆಳಗ್ಗೆ ಬಾ."

"ಪ್ರಾರ್ಥನೆ ಮಾಡಬೇಕಾ?"

"ಮೊದಲು ಎತ್ತು."

ಈಗ ದಿನಾ ಬರುತ್ತಾನೆ. ಬಿಸಿನೀರು ಕಾಯಿಸುತ್ತಾನೆ, ಎತ್ತಿ ಕೂರಿಸುತ್ತಾನೆ, ದಿಂಬು ಸರಿಮಾಡಿ ಕೆಲಸಕ್ಕೆ ಹೋಗುತ್ತಾನೆ. ಹತ್ತಿರ ಹೋದರೂ ಬಾಯಲ್ಲಿ ವಾಸನೆಯಿಲ್ಲ.

ಇದು ಪಾಸ್ಟರ ಕಿವಿಗೂ ಬಿದ್ದಿದೆ. ಅವನನ್ನು ಸೇವಾ ಸಮಿತಿಯ ಅಧ್ಯಕ್ಷನನ್ನಾಗಿ ಮಾಡೋಣ ಎನ್ನುತ್ತಿದ್ದಾರೆ. ನಾನು ಅಡ್ಡ ನಿಂತಿದ್ದೇನೆ.